ದೆವ್ವದ ಕಥೆಯೂ ಶರಣರ ಕಿವಿಯೂ



ಮನುಷ್ಯನು ಮುಚ್ಚಿಟ್ಟುಕೊಳ್ಳಬೇಕೆನ್ನುವ ಸಂಗತಿಗಳು ಕೆಲವಿರುತ್ತವೆ. ಹೇಳಿಕೊಳ್ಳದೆ ಇರಲಾರದ ಸಂಗತಿಗಳು ಕೆಲವಿರುತ್ತವೆ. ಇವೆರಡೂ ಒಂದೇ ಆಗಿರುವ ಸಂಗತಿಯೊಂದುಂಟು. ಅದು ದೆವ್ವವನ್ನು ಕಂಡ ಮಾತು. ಹೇಳಿದರೆ ನಗುವರೆಂಬ ನಾಚಿಕೆ ಒಂದು ಕಡೆ, ಹೇಳದಿದ್ದರೆ ನಿದ್ರೆ ಬಾರದೆಂಬ ಸಂಕಟ ಇನ್ನೊಂದು ಕಡೆ. ಆದುದರಿಂದಲೇ ಈ ಮಾತು ಹಗಲಿನ ಸಭೆಯಲ್ಲಿ ಹೊರಡುವುದಿಲ್ಲ. ರಾತ್ರಿ ಊಟ ಮುಗಿದು, ದೀಪ ಸಣ್ಣದಾಗಿ, ಜಗಲಿಯ ಮೇಲೆ ನಾಲ್ಕು ಜನ ಬೇಕಾದವರು ಕುಳಿತಾಗ, "ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ" ಎಂಬ ಪೀಠಿಕೆಯೊಡನೆ ಅದು ಮೊದಲಾಗುತ್ತದೆ. ಒಬ್ಬರು ಮೊದಲಿಟ್ಟರೆ ಸಾಕು. ಹುಣಸೆಮರದ ಕೆಳಗೆ ಕೇಳಿದ ಗೆಜ್ಜೆಯ ಸಪ್ಪಳ, ಕೆರೆಯಂಗಳದಲ್ಲಿ ಹೊತ್ತಿ ಆರಿದ ಕೊಳ್ಳಿದೆವ್ವ, ಪಾಳುಬಾವಿಯಿಂದ ಹೆಸರು ಹಿಡಿದು ಕರೆದ ದನಿ, ಹೀಗೆ ಒಂದಾದ ಮೇಲೊಂದು ಹೊರಬರುತ್ತವೆ. ಅಷ್ಟು ದಿನ ಸುಮ್ಮನಿದ್ದ ಅಜ್ಜಿಯೂ ಬಾಯಿ ತೆರೆಯುತ್ತಾಳೆ.

ದೆವ್ವವೆಂಬುದು ಉಂಟೋ ಇಲ್ಲವೋ ಎಂಬ ಚರ್ಚೆಗೆ ನಾವು ಇಂದು ಕೈಹಾಕುವುದಿಲ್ಲ. ಅಂಗದ ಮೇಲೆ ಲಿಂಗವುಳ್ಳವನು ಭೂತಪ್ರೇತಗಳಿಗೆ ಅಂಜತಕ್ಕದ್ದಿಲ್ಲವೆಂಬುದನ್ನು ನಮ್ಮ ಪುರಾತನರು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ಮಾರಿ ಮಸಣಿಗಳ ಹೆಸರಿನಲ್ಲಿ ಜನರನ್ನು ಹೆದರಿಸಿ ಹೊಟ್ಟೆ ಹೊರೆಯುವವರನ್ನು ಬಸವಾದಿ ಪ್ರಮಥರು ಕಟುವಾಗಿ ಖಂಡಿಸಿದ ಸಂಗತಿಯೂ ನಿಮಗೆ ತಿಳಿದುದೇ. ನಮ್ಮ ಪ್ರಶ್ನೆ ಬೇರೆ. ಆ ಮನುಷ್ಯನು ಅದನ್ನು ಹೇಳಿಕೊಳ್ಳುತ್ತಾನೆ ಏಕೆ? ಅವನಿಗೆ ನಮ್ಮಿಂದ ಬೇಕಾದುದು ಏನು?

ವಿನೋದಕ್ಕಾಗಿ ಹೇಳುವವರಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಭಯಾನಕವನ್ನೂ ನವರಸಗಳಲ್ಲಿ ಸೇರಿಸಿದವರು ನಮ್ಮ ಹಿರಿಯರೇ ಅಲ್ಲವೆ? ಎಚ್ಚರಿಸುವುದಕ್ಕಾಗಿ ಹೇಳುವವರೂ ಇದ್ದಾರೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ನಾಡಿನ ಅನೇಕ ಹಳ್ಳಿಗಳಲ್ಲಿಯೂ ಮನೆಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ರಾತ್ರಿಯಲ್ಲಿ ಒಂದು ಹೆಣ್ಣುದೆವ್ವವು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದವನು ಉಳಿಯುವುದಿಲ್ಲ, ಆದರೆ ಈ ಬರಹವನ್ನು ಓದಿದರೆ ಅದು ಹಿಂದಿರುಗಿ ಹೋಗಿ ಮರುದಿನ ಮತ್ತೆ ಬಂದು ಮತ್ತೆ ಇದನ್ನೇ ಓದಿ ಹಿಂದಿರುಗುತ್ತದೆ ಎಂಬುದು ಕಥೆ. ಓದು ಬಲ್ಲ ದೆವ್ವಕ್ಕೆ ಬುದ್ಧಿ ಮಾತ್ರ ಇಲ್ಲವೆಂದು ನಗುವುದು ಸುಲಭ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆ ಕಥೆಯನ್ನು ನೆರೆಮನೆಗೆ ಮುಟ್ಟಿಸಿದ ಹೆಂಗಸು ಅದರ ಸಂಗಡ ಸೀಮೆಸುಣ್ಣದ ತುಂಡನ್ನೂ ಕೊಟ್ಟಳು. ಅವಳ ಮನಸ್ಸಿನಲ್ಲಿ ಅದು ಉಪಕಾರವೇ ಆಗಿದ್ದಿತು. ಇನ್ನೂ ಒಂದಂಶ: ಆ ದೆವ್ವವು ಪರರ ದನಿಯಲ್ಲಿ ಕರೆಯುತ್ತಿರಲಿಲ್ಲ, ತಾಯಿಯ ದನಿಯಲ್ಲಿ, ತಂಗಿಯ ದನಿಯಲ್ಲಿ ಕರೆಯುತ್ತಿದ್ದಿತು. ಪ್ರೀತಿಯಿದ್ದ ಕಡೆಯಿಂದಲೇ ಭಯವು ಏಳುವುದೆಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಮತ್ತೆ ಕೆಲವರದು ದೇಹಧರ್ಮದಿಂದ ಬಂದ ಅನುಭವ. ನಡುರಾತ್ರಿ ಎಚ್ಚರವಾಗುತ್ತದೆ, ಕಣ್ಣು ತೆರೆದಿದೆ, ಕೈಕಾಲು ಆಡುವುದಿಲ್ಲ, ಬಾಯಿ ಹೊರಡುವುದಿಲ್ಲ, ಎದೆಯ ಮೇಲೆ ಯಾರೋ ಕುಳಿತು ಅಮುಕಿದಂತಾಗುತ್ತದೆ, ಕೋಣೆಯ ಮೂಲೆಯಲ್ಲಿ ಯಾರೋ ನಿಂತಂತೆ ತೋರುತ್ತದೆ. ಕನಸು ಕಾಣುವ ನಿದ್ರೆಯಲ್ಲಿ ಶರೀರದ ಸ್ನಾಯುಗಳು ಸಡಿಲಗೊಂಡು ಚಲನೆಯಿಲ್ಲದಿರುವುದು ಪ್ರಕೃತಿಯ ಏರ್ಪಾಡು. ಶರೀರಕ್ಕಿಂತ ಮೊದಲು ಮನಸ್ಸು ಎಚ್ಚೆತ್ತುಕೊಂಡರೆ ಈ ಸ್ಥಿತಿ ಉಂಟಾಗುತ್ತದೆಂದು ವೈದ್ಯರು ಹೇಳುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ನಡೆದ 35 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾಮಾನ್ಯ ಜನರಲ್ಲಿ ನೂರಕ್ಕೆ ಏಳೆಂಟು ಮಂದಿಯಾದರೂ ಜೀವಮಾನದಲ್ಲಿ ಒಮ್ಮೆ ಇದನ್ನು ಅನುಭವಿಸುತ್ತಾರೆ. ಸಾವಿರ ಜನರ ಊರಿನಲ್ಲಿ ಅಂಥವರು ಎಪ್ಪತ್ತು ಎಂಬತ್ತು ಮಂದಿಯಾದರು. ಆದರೂ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಯಿತೆಂದು ತಿಳಿದು ಅಂಜುತ್ತಾರೆ. "ನನಗೂ ಹಾಗೆ ಆಗಿತ್ತು" ಎಂಬ ಒಂದು ಮಾತು ಕೇಳಿಬಂದರೆ ಅವರ ಅರ್ಧ ಭಯವು ಅಲ್ಲಿಯೇ ಇಳಿಯುತ್ತದೆ. ಆ ಮಾತನ್ನು ಹುಡುಕಿಕೊಂಡೇ ಅವರು ಜಗಲಿಗೆ ಬರುವುದು.

ಇಷ್ಟು ಹಗುರವಾದ ಭಾಗ. ಭಾರವಾದದ್ದು ಇನ್ನು ಬರುತ್ತದೆ.

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ರೀಸ್ ಎಂಬ ವೈದ್ಯನೊಬ್ಬನಿದ್ದನು. ಗಂಡನನ್ನು ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಮಂದಿಯನ್ನು ಆತನು ತಾನೇ ಕಂಡು, ನಿಧಾನವಾಗಿ ಮಾತನಾಡಿಸಿ, 1971ರಲ್ಲಿ ಆ ವಿಷಯವನ್ನು ಪ್ರಕಟಿಸಿದನು. ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನಕ್ಕೆ ಸತ್ತವರು ಹತ್ತಿರವೇ ಇದ್ದಾರೆಂಬ ಅನುಭವವಾಗಿತ್ತು. ಕೆಲವರು ಕಂಡಿದ್ದರು, ಕೆಲವರು ದನಿಯನ್ನು ಕೇಳಿದ್ದರು, ಕೆಲವರು ಸ್ಪರ್ಶವನ್ನೂ ಅನುಭವಿಸಿದ್ದರು. ಇವರು ಹುಚ್ಚರಲ್ಲ; ಹೊಲಮನೆ ನೋಡಿಕೊಂಡು ಬಾಳುತ್ತಿದ್ದ ಸಂಸಾರವಂದಿಗರು. ಬಹುಮಂದಿಗೆ ಆ ಅನುಭವದಿಂದ ಭಯವಾಗುವ ಬದಲು ಸಮಾಧಾನವೇ ಆಗಿತ್ತು. ಆದರೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಆತನು ಕೇಳುವವರೆಗೆ ಅದನ್ನು ಯಾರಲ್ಲಿಯೂ ಬಾಯಿಬಿಟ್ಟು ಹೇಳಿರಲಿಲ್ಲ. ತಮ್ಮ ವೈದ್ಯನಿಗೆ ಒಬ್ಬರೂ ಹೇಳಿರಲಿಲ್ಲ. ತಮ್ಮ ಧರ್ಮಗುರುವಿನಲ್ಲಿ ಹೇಳಿಕೊಂಡವರು ಎಷ್ಟು ಮಂದಿ ಬಲ್ಲಿರಾ? ಒಬ್ಬರು!

ಈ ಒಂದು ಅಂಕಿಯು ಮಠದಲ್ಲಿರುವ ನಮ್ಮಂಥವರು ತಲೆತಗ್ಗಿಸಿ ಯೋಚಿಸತಕ್ಕುದಾಗಿದೆ. ಮುಂಜಾನೆ ಲಿಂಗಪೂಜೆ ಮಾಡಿಕೊಂಡು ಕುಳಿತಾಗ ತೀರಿಕೊಂಡ ಗಂಡನು ಬಾಗಿಲಲ್ಲಿ ಕೆಮ್ಮಿದಂತೆ ಕೇಳಿದ ತಾಯಿಯೊಬ್ಬಳು ಅದನ್ನು ಸ್ವಾಮಿಗಳ ಮುಂದೆ ಹೇಳಲು ಏಕೆ ಅಂಜುತ್ತಾಳೆ? ಶಾಸ್ತ್ರಿಗಳು ಶಾಸ್ತ್ರ ಹೇಳಿ ಬಾಯಿ ಮುಚ್ಚಿಸುವರು. ವಿದ್ಯಾವಂತನಾದ ಮಗನು "ಅಮ್ಮ, ಅದೆಲ್ಲ ಭ್ರಮೆ" ಎನ್ನುವನು. ಇಬ್ಬರ ಮಾತೂ ಸತ್ಯವಾಗಿರಬಹುದು. ಆದರೆ ಅವಳು ಕೆಮ್ಮಿನ ವಿಷಯವನ್ನು ಹೇಳಲು ಬಂದವಳಲ್ಲ; ನಲವತ್ತು ವರ್ಷದ ದಾಂಪತ್ಯವು ಮುಗಿದುಹೋದುದನ್ನು ಹೇಳಲು ಬಂದವಳು. ಅದನ್ನು ನೇರವಾಗಿ ಆಡುವ ಮಾತು ಅವಳಲ್ಲಿಲ್ಲದುದರಿಂದ ಕೆಮ್ಮಿನಿಂದ ಮೊದಲು ಮಾಡಿದಳು. ನಾವೋ ಕೆಮ್ಮಿನ ಮೇಲೆಯೇ ವಾದಕ್ಕಿಳಿದೆವು.

ಕೇಳಬೇಕಾದಂತೆ ಕೇಳಿದವರೂ ಲೋಕದಲ್ಲಿದ್ದಾರೆ. ಅಂಥವರೊಬ್ಬರ ಸಂಗತಿಯು ದೂರದ ಜಪಾನಿನದಾದರೂ ನಾವು ತಿಳಿಯತಕ್ಕುದಾಗಿದೆ. 2011ನೆಯ ಇಸವಿ ಮಾರ್ಚಿ 11ರಂದು ಆ ದೇಶದ ಈಶಾನ್ಯ ಕರಾವಳಿಯಲ್ಲಿ ಭೂಕಂಪವಾಗಿ, ಸಮುದ್ರವು ಗೋಡೆಯಂತೆ ಎದ್ದುಬಂದು ಊರೂರುಗಳನ್ನೇ ಕೊಚ್ಚಿಕೊಂಡು ಹೋಯಿತು. ಸತ್ತವರೂ ಕಾಣದೆ ಹೋದವರೂ ಸೇರಿ 18,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 2,500 ಮಂದಿಯ ದೇಹಗಳು ಇಂದಿಗೂ ದೊರೆತಿಲ್ಲ. ಮನೆಯಲ್ಲಿ ಹಿರಿಯರ ಪೀಠವನ್ನಿಟ್ಟು ನಿತ್ಯವೂ ಅವರಿಗೆ ಅನ್ನ ನೀರು ಇಡುವ ಸಂಪ್ರದಾಯದ ಜನರು ಅವರು. ಪೀಠವೂ ಇಲ್ಲ, ಮನೆಯೂ ಇಲ್ಲ, ಮಣ್ಣುಮಾಡಲು ದೇಹವೂ ಇಲ್ಲ. ಇಂಥ ಸ್ಥಿತಿಯಲ್ಲಿ ಅಲ್ಲಿ ದೆವ್ವದ ಕಥೆಗಳು ಹುಟ್ಟಿದವು. ಒಂದೆರಡಲ್ಲ, ಊರು ತುಂಬ.

ಇಶಿನೊಮಾಕಿ ಎಂಬುದು ಆ ಕರಾವಳಿಯ ಒಂದು ಪಟ್ಟಣ. ಅಲ್ಲೊಂದರಲ್ಲಿಯೇ ಸತ್ತವರು 3,000ಕ್ಕೂ ಮಿಕ್ಕಿದ್ದರು. ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಆ ಊರಿನ ನೂರಕ್ಕೂ ಹೆಚ್ಚು ಟ್ಯಾಕ್ಸಿ ಚಾಲಕರನ್ನು ಕಂಡು, ದುರಂತವಾದ ಮೇಲೆ ಏನಾದರೂ ವಿಚಿತ್ರವಾದುದು ನಡೆಯಿತೇ ಎಂದು ಕೇಳಿದಳು. ಹಲವರು ಸಿಟ್ಟಾದರು, ಹಲವರು ಉತ್ತರಿಸಲಿಲ್ಲ. ಏಳು ಮಂದಿ ಹೇಳಿದರು. ಅವರಲ್ಲೊಬ್ಬನ ಗಾಡಿಯನ್ನು ಬೇಸಗೆಯ ದಿನಗಳಲ್ಲಿ ಚಳಿಗಾಲದ ದಪ್ಪ ಕೋಟು ತೊಟ್ಟ ಹೆಂಗಸೊಬ್ಬಳು ಹತ್ತಿ, ಸಮುದ್ರವು ನುಂಗಿಹಾಕಿದ್ದ ಒಂದು ಕೇರಿಗೆ ಕರೆದೊಯ್ಯುವಂತೆ ಹೇಳಿದಳಂತೆ. ಅಲ್ಲಿ ಈಗ ಏನೂ ಉಳಿದಿಲ್ಲವಲ್ಲ ಎಂದು ಇವನು ಹೇಳಲು, ಹಾಗಾದರೆ ತಾನು ಸತ್ತಿರುವೆನೇ ಎಂದು ಅವಳು ಕೇಳಿದಳಂತೆ. ತಿರುಗಿ ನೋಡಿದರೆ ಹಿಂದಿನ ಪೀಠದಲ್ಲಿ ಯಾರೂ ಇಲ್ಲ.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ತಟ್ಟುವುದು ಆ ಹೆಂಗಸಲ್ಲ, ಗಾಡಿಯ ಮೀಟರು. ಯಾತ್ರಿಕರು ಹತ್ತಿದರೆಂದು ಚಾಲಕರು ಮೀಟರನ್ನು ತಿರುಗಿಸಿದ್ದರು. ಮೀಟರು ತಿರುಗಿದ ಮೇಲೆ ಬಾಡಿಗೆಯು ಲೆಕ್ಕಕ್ಕೆ ಸೇರಿಬಿಡುತ್ತದೆ. ಕೊಡುವವರು ಕಾಣದಿದ್ದರೆ ಚಾಲಕನೇ ಕೈಯಿಂದ ಹಾಕಿ ತುಂಬಬೇಕು. ಹಾಗೆ ತುಂಬಿದರು. ತುಂಬಿಯೂ, ಅಂಥವರು ಮತ್ತೆ ಬಂದರೆ ಮತ್ತೆ ಹತ್ತಿಸಿಕೊಳ್ಳುವೆವು ಎಂದರು. ಅವರ ಮಾತಿನಲ್ಲಿ ಭಯವಿರಲಿಲ್ಲವೆಂದು ಆ ಹುಡುಗಿಯು ಬರೆದಳು. ತಮ್ಮ ಊರಿನವರನ್ನು ಕಳೆದುಕೊಂಡ ಆ ಮನುಷ್ಯರಿಗೆ, ಮನೆಗೆ ಹೋಗಬೇಕೆಂದವರನ್ನು ಒಂದು ಸಲ ಮನೆಯ ದಾರಿಯವರೆಗಾದರೂ ಕರೆದೊಯ್ದೆವಲ್ಲ ಎಂಬ ತೃಪ್ತಿಯು ಆ ಬಾಡಿಗೆಗಿಂತ ದೊಡ್ಡದಾಗಿ ಕಂಡಿರಬೇಕು. ಇದನ್ನು ದೆವ್ವದ ಕಥೆಯೆನ್ನುವುದೋ ದಾಸೋಹದ ಕಥೆಯೆನ್ನುವುದೋ ನೀವೇ ಹೇಳಿರಿ.

ಅದೇ ಪ್ರಾಂತದ ಕುರಿಹಾರಾ ಎಂಬ ಊರಿನಲ್ಲಿ ಕನೆತಾ ತಾಯಿಯೊ ಎಂಬ ಬೌದ್ಧ ಸಂನ್ಯಾಸಿಯೊಬ್ಬರು ಒಂದು ಮಠದ ಮುಖ್ಯಸ್ಥರು. ಅವರು ಪ್ರವಾಹದಲ್ಲಿ ಮನೆಮಠ ಕಳೆದುಕೊಂಡವರ ಬಿಡಾರಗಳಿಗೆ ಒಂದು ಸಣ್ಣ ಗಾಡಿಯಲ್ಲಿ ಚಹಾ ಕಾಫಿ ತಿಂಡಿಗಳನ್ನು ಹೇರಿಕೊಂಡು ಹೋಗಿ ಕುಳಿತರು. ತಮ್ಮ ಆ ಅಂಗಡಿಗೆ ಅವರಿಟ್ಟ ಹೆಸರು 'ಕಾಫೆ ದೆ ಮೊಂಕು'. ಜಪಾನೀ ನುಡಿಯಲ್ಲಿ 'ಮೊಂಕು' ಎಂದರೆ ಗೊಣಗಾಟ, ದೂರು. ಇಂಗ್ಲಿಷಿನಲ್ಲಿ ಅದನ್ನೇ ಹೋಲುವ ಶಬ್ದಕ್ಕೆ ಸಂನ್ಯಾಸಿಯೆಂಬ ಅರ್ಥ. (ನಮ್ಮ ಕನ್ನಡದ ಮಂಕಿಗೂ ಇದಕ್ಕೂ ಸಂಬಂಧವಿಲ್ಲ.) ಬಂದವರು ಚಹಾ ಕುಡಿಯುತ್ತ ಹೇಳಿದ ಮಾತುಗಳಲ್ಲಿ ಸತ್ತವರನ್ನು ಕಂಡ ಮಾತುಗಳೂ ಇದ್ದವು. ಅದು ನಿಜವೆಂದಾಗಲಿ ಸುಳ್ಳೆಂದಾಗಲಿ ತೀರ್ಪುಕೊಡುವ ಗೋಜಿಗೆ ಆ ಸಂನ್ಯಾಸಿಯು ಹೋಗಲಿಲ್ಲ. ಎದುರಿಗೆ ಕುಳಿತವರ ನೋವಂತೂ ನಿಜವಾಗಿತ್ತು, ಅದಕ್ಕೆ ಕಿವಿಗೊಟ್ಟರು. ತೊಹೊಕು ವಿಶ್ವವಿದ್ಯಾಲಯವು 2012ರಲ್ಲಿ, ನಾನಾ ಮತಗಳ ಗುರುಗಳಿಗೆ ಹೀಗೆ ಕೇಳುವ ವಿದ್ಯೆಯನ್ನು ಕಲಿಸುವುದಕ್ಕೆಂದೇ ಒಂದು ಶಿಕ್ಷಣವನ್ನು ಏರ್ಪಡಿಸಿತು. ಹೇಳುವ ವಿದ್ಯೆಯನ್ನು ಕಲಿಸುವ ಪಾಠಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಕೇಳುವ ವಿದ್ಯೆಯು ನಮ್ಮಲ್ಲಿ ಇರಲಿಲ್ಲವೆಂದು ಮಾತ್ರ ತಿಳಿಯಬೇಡಿರಿ. ಹನ್ನೆರಡನೆಯ ಶತಮಾನದ ಕಲ್ಯಾಣದ ಆ ಮಹಾಗೋಷ್ಠಿಗೆ ಅನುಭವಮಂಟಪವೆಂದು ಏಕೆ ಹೆಸರಾಯಿತು? ತನಗಾದುದನ್ನು ಒಬ್ಬನು ಬಿಚ್ಚಿ ಹೇಳುವುದು, ಉಳಿದವರು ಕೇಳುವುದು, ಕೇಳಿದ ಮೇಲೆ ಪ್ರಶ್ನಿಸುವುದು, ಇದೇ ಅಲ್ಲಿನ ವ್ಯವಹಾರ. ಅನುಭವವೆಂದು ತಲೆಬಾಗಿ ಒಪ್ಪುವುದೂ ಅಲ್ಲಿರಲಿಲ್ಲ. ಹೀನೈಸಿ ಕಳುಹಿಸುವುದೂ ಇರಲಿಲ್ಲ.

ಮುಕ್ತಾಯಕ್ಕನ ಪ್ರಸಂಗವನ್ನು ನೆನೆಯಿರಿ. ಲಕ್ಕುಂಡಿಯವಳಾದ ಆಕೆಗೆ ಅಜಗಣ್ಣನು ಒಡಹುಟ್ಟಿದವನೂ ಹೌದು, ಗುರುವೂ ಹೌದು. ಲಿಂಗವನ್ನು ಬಾಯಲ್ಲಿಟ್ಟುಕೊಂಡು ಯಾರಿಗೂ ತೋರದಂತೆ ಪೂಜಿಸುತ್ತಿದ್ದ ಗುಪ್ತಭಕ್ತನಾತ. ಮನೆಯ ಬಾಗಿಲು ತಲೆಗೆ ಬಡಿದು, ಒಂದು ಮಾತೂ ಆಡದೆ, ಇದ್ದಕ್ಕಿದ್ದಂತೆ ಲಿಂಗೈಕ್ಯನಾದನು. ಬದುಕಿನಲ್ಲಿ ಹೇಳದೆ ಇದ್ದವನು ಸಾವಿನಲ್ಲಿಯೂ ಹೇಳದೆ ಹೋದನು. ಕೇಳಬೇಕಾದುದೆಲ್ಲವೂ ತಂಗಿಯ ಎದೆಯಲ್ಲಿ ಉಳಿದುಹೋಯಿತು. ಲೋಕದ ಲೆಕ್ಕದಲ್ಲಿ ನೋಡಿದರೆ ದೆವ್ವದ ಕಥೆಯೊಂದು ಹುಟ್ಟುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕೆ? ಅಕಾಲದ ಮರಣ, ಅರೆಯಾದ ಮಾತು, ಬಿಡಲಾರದ ಮಮತೆ. ಆಕೆಯು ಅಣ್ಣನ ಕಳೇವರದ ಬಳಿ ಗೋಳಿಡುತ್ತಿರುವಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ವ್ಯೋಮಮೂರ್ತಿಗಳಾದ ಪ್ರಭುಗಳು, ಅಳುವುದು ಅಜ್ಞಾನವೆಂದು ಒಂದೇ ಮಾತಿನಲ್ಲಿ ತೀರಿಸಿ ಮುಂದೆ ನಡೆಯಬಹುದಾಗಿತ್ತು. ನಡೆಯಲಿಲ್ಲ. ನೀನು ಯಾರು, ಯಾರಿಗಾಗಿ ಈ ಶೋಕವೆಂದು ಕೇಳಿದರು. ಆಕೆ ಹೇಳಿದಳು. ಹೇಳಿದ್ದಷ್ಟೇ ಅಲ್ಲ, ಪ್ರಭುಗಳನ್ನೇ ತಿರುಗಿ ಪ್ರಶ್ನಿಸಿದಳು: ಅರಿತವನಿಗೆ ಮಾತೇಕೆ, ಮಾತಿದ್ದಲ್ಲಿ ಅರಿವು ಎಲ್ಲಿಯದು ಎಂಬ ಅರ್ಥದಲ್ಲಿ ವಾದ ಹೂಡಿದಳು. ಪ್ರಭುಗಳು ಆ ದುಃಖಿತೆಯ ಸಿಟ್ಟನ್ನೂ ಸಹಿಸಿ, ಪ್ರಶ್ನೆಗೆ ಪ್ರಶ್ನೆಯಾಗಿ ಉತ್ತರಿಸುತ್ತ, ಅವಳ ಅಳಲು ಅರಿವಾಗಿ ತಿರುಗುವವರೆಗೆ ಅಲ್ಲಿಯೇ ನಿಂತರು.

ಅಜಗಣ್ಣನು ದೆವ್ವವಾಗಿ ಬಂದು ತಂಗಿಯನ್ನು ಕಾಡಿದನೆಂದು ಯಾವ ಪುರಾಣವೂ ಹೇಳುವುದಿಲ್ಲ. ಆದರೆ ಆತನು ಅವಳನ್ನು ಬಿಟ್ಟುಹೋದನೆಂದೂ ಹೇಳುವಂತಿಲ್ಲ. ಮುಕ್ತಾಯಕ್ಕನ ವಚನಗಳ ಅಂಕಿತವನ್ನು ನೋಡಿರಿ: ಅದು ಅಜಗಣ್ಣನ ಹೆಸರೇ! ಬಾಯಿಬಿಡದೆ ಹೋದ ಅಣ್ಣನು ತಂಗಿಯ ಪ್ರತಿಯೊಂದು ವಚನದ ಕೊನೆಯಲ್ಲಿ ಬಂದು ನಿಲ್ಲುತ್ತಾನೆ. ಇದಕ್ಕಿಂತ ಮಿಗಿಲಾದ ಕಾಣಿಸಿಕೊಳ್ಳುವಿಕೆ ಇನ್ನಾವುದು?

ದೆವ್ವವೆಂಬ ಶಬ್ದವನ್ನು ಕೇಳಿದೊಡನೆ ಮುಖ ಸಿಂಡರಿಸುವುದೂ ಶೈವರಾದ ನಮಗೆ ಒಪ್ಪತಕ್ಕುದಲ್ಲ. ಭೂತನಾಥನೆಂದು, ರುದ್ರಭೂಮಿವಾಸಿಯೆಂದು ನಾವು ಕೊಂಡಾಡುವುದು ಯಾರನ್ನು? ಅರವತ್ತುಮೂವರು ಪುರಾತನರಲ್ಲಿ ಒಬ್ಬಳಾದ ತಮಿಳುನಾಡಿನ ಕಾರೈಕಾಲಮ್ಮೆಯು ತನ್ನ ಚೆಲುವನ್ನು ತೊರೆದು ಪಿಶಾಚಿಯ ರೂಪವನ್ನು ಶಿವನಲ್ಲಿ ಬೇಡಿ ಪಡೆದಳೆಂದೂ, ತನ್ನ ಹಾಡುಗಳಲ್ಲಿ ತನ್ನನ್ನು 'ಪೇಯ್' ಎಂದರೆ ದೆವ್ವವೆಂದೇ ಕರೆದುಕೊಂಡಳೆಂದೂ ಪ್ರಸಿದ್ಧವಾಗಿದೆ. ನಾವು ಅವಳನ್ನು ಅಮ್ಮನೆಂದು ಪೂಜಿಸುತ್ತೇವೆ.

ಆದರೆ ಕೇಳುವುದೆಂದರೆ ಕೇಳಿದ್ದಕ್ಕೆಲ್ಲ ತಲೆದೂಗುವುದಲ್ಲ. ಇಲ್ಲಿ ಕಟ್ಟುನಿಟ್ಟಾದ ಒಂದು ಗೆರೆಯನ್ನು ಎಳೆಯಲೇಬೇಕು. "ನಾನು ಕಂಡೆ, ನನಗೆ ಭಯವಾಯಿತು" ಎಂಬುದು ಅನುಭವದ ಮಾತು. "ಇಂಥವಳೇ ಮಾಡಿಸಿದ್ದು" ಎಂಬುದು ಅನುಭವವಲ್ಲ, ಆರೋಪ. ಮೊದಲನೆಯದು ಸತ್ತವರ ವಿಷಯ. ಎರಡನೆಯದರಲ್ಲಿ ಬದುಕಿರುವವರ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. ಕಲಬುರಗಿ ಬೀದರಗಳ ಕಡೆ ಭಾನಾಮತಿಯೆಂದು, ಉಳಿದೆಡೆ ಮಾಟವೆಂದು ಕರೆಯುವ ಈ ಗುಮಾನಿಯು ಬಹುಮಟ್ಟಿಗೆ ಬಂದು ಮುಟ್ಟುವುದು ದಿಕ್ಕಿಲ್ಲದ ಒಬ್ಬ ವಿಧವೆಗೆ, ಇಲ್ಲವೆ ಆಸ್ತಿಯಲ್ಲಿ ಪಾಲುಳ್ಳ ಒಬ್ಬ ದಾಯಾದಿಗೆ. ಹೀಗೆ ಬಡವರ ಮನೆಯ ಬಾಗಿಲನ್ನೇ ಹುಡುಕುವ ದೆವ್ವವು ಎಂಥದೆಂದು ಊಹಿಸಲಾರಿರಾ? ಮಾತು ಆ ಗೆರೆಯನ್ನು ದಾಟಿತೆಂದು ಕಂಡೊಡನೆ ಜಗಲಿಯಲ್ಲಿ ಕುಳಿತ ಹಿರಿಯರು ಅದನ್ನು ಅಲ್ಲಿಯೇ ತಡೆಯಬೇಕು. ದೆವ್ವ ಬಿಡಿಸುವೆನೆಂದು ಹಗ್ಗದಿಂದ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಇವೆಲ್ಲ ಇಂದು ಶಿಕ್ಷಾರ್ಹ ಅಪರಾಧಗಳು. ನಮ್ಮ ರಾಜ್ಯವು 2017ರಲ್ಲಿ ಇದಕ್ಕಾಗಿ ಮಾಡಿದ ಕಾಯಿದೆಯು 2020ರ ಜನವರಿಯಿಂದ ಜಾರಿಯಲ್ಲಿದೆ. ಗಾಳಿ ಸೋಕಿತೆಂದು ವಾರಗಟ್ಟಲೆ ಊಟ ನಿದ್ರೆ ಬಿಟ್ಟವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಗೆ ಒಯ್ಯುವ ದಾರಿಯಲ್ಲಿಯೂ ಅವರು ಹೇಳುವುದನ್ನು ಕೇಳಿರಿ.

ಇನ್ನು ಗೃಹಸ್ಥರಾದ ನೀವು ಮಾಡಬಹುದಾದ ಒಂದು ಕೆಲಸ. ನಮ್ಮಲ್ಲಿ ಮರಣದ ಸೂತಕವಿಲ್ಲ. ಐಕ್ಯರಾದವರ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಪತ್ರೆಗಳೊಡನೆ ಸಮಾಧಿಮಾಡಿ ಬಂದ ಮೇಲೆ, ಅವರ ಜೀವವು ಎಲ್ಲಿಯೋ ಅಲೆಯುತ್ತಿದೆಯೆಂದು ನಾವು ಹೇಳುವುದಿಲ್ಲ. ಈ ನಂಬಿಕೆಯು ದೊಡ್ಡದು. ಆದರೆ ಸೂತಕವಿಲ್ಲವೆಂದ ಮಾತ್ರಕ್ಕೆ ದುಃಖವೂ ಇಲ್ಲವೆಂದು ತಿಳಿದು ನಾವು ಅವಸರಪಡುತ್ತಿದ್ದೇವೆ. ಶಿವಗಣಾರಾಧನೆಯ ದಿನ ಜನ ಸೇರುತ್ತಾರೆ, ಫೋಟೋಕ್ಕೆ ಹಾರ ಹಾಕುತ್ತಾರೆ, ಒಬ್ಬಿಬ್ಬರು ಭಾಷಣ ಮಾಡುತ್ತಾರೆ, ಪಂಕ್ತಿ ಏಳುತ್ತದೆ. ಆ ಮನೆಯ ಹೆಂಗಸು ಒಳಗೆ ಒಲೆಯ ಮುಂದೆ ಇರುತ್ತಾಳೆ. ಅವಳು ಕಂಡದ್ದು ಕೇಳಿದ್ದು ಅವಳೊಳಗೇ ಉಳಿಯುತ್ತದೆ. ಆರು ತಿಂಗಳ ಮೇಲೆ ಅದು ಬೇರೆ ರೂಪದಲ್ಲಿ ಹೊರಗೆ ಬರುತ್ತದೆ, ಆಗ ಮಂತ್ರವಾದಿಯೊಬ್ಬನು ಕೇಳುವುದಕ್ಕೆ ಸಿದ್ಧನಾಗಿ ಕುಳಿತಿರುತ್ತಾನೆ. ಅವನು ಕಿವಿಗೊಡುತ್ತಾನೆ; ಅದರ ಬೆಲೆಯನ್ನೂ ತೆಗೆದುಕೊಳ್ಳುತ್ತಾನೆ.

ಆದುದರಿಂದ ಗಣಾರಾಧನೆಯ ದಿನ ಭಾಷಣಗಳನ್ನು ಕಡಮೆ ಮಾಡಿರಿ. ಒಲೆಯ ಮುಂದಿನವರನ್ನು ಹೊರಗೆ ಕರೆದು ಮಕ್ಕಳ ನಡುವೆ ಕೂರಿಸಿರಿ. ಐಕ್ಯರಾದವರು ಕಡೆಯ ದಿನ ಏನೆಂದರು, ಅವರ ಚಪ್ಪಲಿ ಈಗ ಎಲ್ಲಿದೆ, ಕನಸಿನಲ್ಲಿ ಬಂದರೇ, ಬಂದು ಏನಾದರೂ ಕೇಳಿದರೇ ಎಂದು ಒಬ್ಬೊಬ್ಬರನ್ನೂ ಮಾತನಾಡಿಸಿರಿ. ಅವರು ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಬೇಡಿರಿ. ಸ್ವಾಮಿಗಳು ಬಂದಿದ್ದರೆ ಅವರೂ ಕೂಡ. ಪಂಕ್ತಿಗೆ ಎಲೆ ಹಾಕುವುದು ಅಂದು ಒಂದು ತಾಸು ತಡವಾದರೆ ಆಗಲಿ, ಅಡಿಗೆಯವರಿಗೆ ಮೊದಲೇ ತಿಳಿಸಿಡಿರಿ.